ಕರಡಿಬುಗ್ಗೆಯ ಮರದ ಮೇಲಿನ ಗುರುತು

"ಏಯ್! ಆ ಮರ ಬಿಡ್ರೀ!"

ಸ್ಮರಾಂಡಾಳ ಕೂಗಿಗೆ ಕೊಂಬೆಯ ಮೇಲಿದ್ದ ಮರಕುಟಿಗ ಹಾರಿಹೋಯಿತು. ಮರವನ್ನು ತಬ್ಬಿಕೊಂಡು ನಿಂತಿದ್ದ ಗಂಡಸು ಮಾತ್ರ ಕದಲಲಿಲ್ಲ.

ಹೌದು, ತಬ್ಬಿಕೊಂಡೇ ನಿಂತಿದ್ದ! ಎರಡೂ ಕೈ ಚಾಚಿ, ಬೂದು ಬಣ್ಣದ ನುಣುಪು ತೊಗಟೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿಕೊಂಡು. ನಾನೂರು ವರ್ಷದ ಮರ ಅದು, ಬೀಚ್ ಎಂಬ ಜಾತಿಯದು. ಇಂಥ ಇಬ್ಬರು ಕೈಕೈ ಹಿಡಿದರೂ ಅದರ ಸುತ್ತಳತೆಗೆ ಸಾಲುತ್ತಿರಲಿಲ್ಲ.

ಅವಳು ದಾಪುಗಾಲು ಹಾಕಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಪರವಾನಗಿ ಚೀಟಿ ಎಲ್ಲಿ?"

ಅವನು ಕಣ್ಣು ತೆರೆದ. ಕಣ್ಣಂಚು ಒದ್ದೆಯಾಗಿತ್ತು. "ಚೀಟಿ ಇಲ್ಲ."

"ಇಲ್ಲ ಅಂದ್ರೆ? ಇದು ಸಂರಕ್ಷಿತ ಕಾಡು ಸ್ವಾಮೀ! ದಿನಕ್ಕೆ ಹತ್ತೇ ಜನ, ಅದೂ ನನ್ನಂಥ ಮಾರ್ಗದರ್ಶಿ ಜೊತೆಗೆ. ನಡೀರಿ, ಹೊಸ ಅರಣ್ಯಾಧಿಕಾರಿ ಬಂದಿದಾರಂತೆ, ಅವರ ಕೈಗೇ ಒಪ್ಪಿಸ್ತೀನಿ ನಿಮ್ಮನ್ನ."

"ಒಪ್ಪಿಸಿ. ಆದ್ರೆ ಒಂದೇ ತೊಂದ್ರೆ..." ಅವನು ಸಂಕೋಚದಿಂದ ಮೀಸೆ ಉಜ್ಜಿಕೊಂಡ. "ಆ ಅಧಿಕಾರಿ ನಾನೇ."

ಸ್ಮರಾಂಡಾಳ ಮುಖ ಕಿವಿಯವರೆಗೂ ಕೆಂಪೇರಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಸೋಲೊಪ್ಪುವ ಹುಡುಗಿಯೇ ಅವಳು?

"ಸಮವಸ್ತ್ರ ಹಾಕ್ದೆ ಮರ ತಬ್ಕೊಂಡು ನಿಂತ್ರೆ ನಂಗೇನು ಕನಸು ಬೀಳತ್ತಾ?"

ಅವನು ನಕ್ಕುಬಿಟ್ಟ. ಹೆಸರು ಅಕಿಮ್. ಮೂವತ್ತೆರಡು ವಯಸ್ಸು. ಬರಗಾನ್ ಬಯಲಿನವನು. ಅಲ್ಲಿ ದಿಗಂತದವರೆಗೆ ಕಣ್ಣು ಹಾಯಿಸಿದರೂ ಒಂದು ಗುಡ್ಡ ಕಾಣುವುದಿಲ್ಲ.

"ನಮ್ಮೂರಲ್ಲಿ ಎಲ್ಲಕ್ಕಿಂತ ಎತ್ತರವಾಗಿ ಬೆಳೆಯೋದು ಸೂರ್ಯಕಾಂತಿ," ಅಂದ. "ಕಾಡಿನ ವಿದ್ಯೆ ಎಲ್ಲಾ ಪುಸ್ತಕದಲ್ಲಿ ಓದಿದೀನಿ. ಆದ್ರೆ ಹೀಗಿರತ್ತೆ ಅಂತ ಯಾವ ಪುಸ್ತಕಾನೂ ಹೇಳ್ಲಿಲ್ಲ. ಒಳಗೆ ಬಂದೆ, ತಲೆ ಎತ್ತಿದೆ, ಅಳು ಬಂತು. ನಗ್ತೀರಾ?"

ಅವಳಿಗೆ ನಗು ಬರಲಿಲ್ಲ. ಆರು ವರ್ಷದಿಂದ ಜನರನ್ನು ಈ ಕಾಡಿಗೆ ಕರೆತರುತ್ತಿದ್ದಳು. ಫೋಟೋ ತೆಗೆದವರು, ಹಾಡಿದವರು, ಸುಸ್ತಾಯಿತೆಂದು ಗೊಣಗಿದವರು ಎಲ್ಲರನ್ನೂ ನೋಡಿದ್ದಳು. ಅತ್ತವನನ್ನು ಮಾತ್ರ ಇದೇ ಮೊದಲು ನೋಡಿದ್ದು.

'ಇವನಿಗೆ ಕಾಡು ಅರ್ಥವಾಗಿದೆ...' ಮನಸ್ಸು ಹೇಳಿತು. ಬಾಯಿ ಮಾತ್ರ, "ಆಯ್ತು ಸೂರ್ಯಕಾಂತಿ ಸಾಹೇಬ್ರೇ, ದಾರಿ ಬಿಟ್ಟು ಆಚೆ ಕಾಲಿಡ್ಬೇಡಿ, ಸಸಿ ತುಳೀತೀರ," ಅಂದಿತು.

"ನಕ್ಷೆ ನನ್ನ ಹತ್ರ ಇದೆ. ಆದ್ರೆ ಕಾಡು ಗೊತ್ತಿರೋದು ನಿಮಗೆ. ತೋರಿಸ್ತೀರಾ?"

ತೋರಿಸಿದಳು. ಆ ಶರತ್ಕಾಲವಿಡೀ ತೋರಿಸಿದಳು.

ನೆರಾ ನದಿ ಹುಟ್ಟುವ ಆ ಬೆಟ್ಟದ ಮಡಿಲಲ್ಲಿ ಯಾವ ಕಾಲದಲ್ಲೂ ಕೊಡಲಿ ಆಡಿಲ್ಲ. ಮರಗಳು ತಮ್ಮ ಪಾಡಿಗೆ ತಾವು ಹುಟ್ಟಿ, ತಮ್ಮ ವಯಸ್ಸಿಗೆ ತಾವೇ ಬೀಳುತ್ತವೆ. ಬಿದ್ದ ಮರವನ್ನು ಯಾರೂ ಎತ್ತುವುದಿಲ್ಲ. ಅದರ ಮೇಲೆ ಪಾಚಿ ಹಬ್ಬುತ್ತದೆ, ಅಣಬೆ ಏಳುತ್ತದೆ, ಕೊಳೆತು ಮಣ್ಣಾಗುವ ಹೊತ್ತಿಗೆ ಅದರ ಬೆನ್ನ ಮೇಲೇ ಹತ್ತು ಸಸಿಗಳು ಸಾಲಾಗಿ ನಿಂತಿರುತ್ತವೆ. ತಾಯಿಯ ಬೆನ್ನೇರಿ ಕೂತ ಮಕ್ಕಳ ಹಾಗೆ.

"ಸತ್ತ ಮರ ಅಂತ ಯಾಕಂತಾರೋ!" ಅಕಿಮ್ ಮಂಡಿಯೂರಿ ಸಸಿಗಳನ್ನು ಎಣಿಸುತ್ತಿದ್ದ. "ಬದುಕಿರೋ ಮರಕ್ಕಿಂತ ಇದರ ಮೇಲೇ ಜಾಸ್ತಿ ಜೀವ ಇದೆ!"

"ನಮ್ಮಪ್ಪನೂ ಹಾಗೇ ಅಂತಿದ್ರು," ಅಂದಳು ಸ್ಮರಾಂಡಾ.

ಅವಳ ಅಪ್ಪ ದಮಸ್ಕಿನ್ ಇದೇ ಕಾಡಿನ ಅಧಿಕಾರಿಯಾಗಿದ್ದವರು. ತೀರಿಹೋಗಿ ಮೂರು ವರ್ಷ. ಅವರ ಬದುಕಿನ ಒಂದೇ ಕೊರಗು ಕರಡಿಬುಗ್ಗೆ. ಸಂರಕ್ಷಿತ ಕಾಡಿನ ಗಡಿ ಒಂದು ಹೊಳೆಯ ದಂಡೆಗೆ ಮುಗಿಯುತ್ತದೆ. ಹೊಳೆ ದಾಟಿದರೆ ಕರಡಿಬುಗ್ಗೆಯ ಇಳಿಜಾರು. ಅವೇ ಮರಗಳು, ಅಷ್ಟೇ ವಯಸ್ಸು, ಅಷ್ಟೇ ಗಾತ್ರ. ಆದರೆ ಆ ಕಡೆಗೆ ಕಾನೂನಿನ ರಕ್ಷಣೆ ಇಲ್ಲ. ಅದನ್ನೂ ಸೇರಿಸಿಕೊಳ್ಳಿ ಎಂದು ದಮಸ್ಕಿನ್ ಏಳು ಸಲ ಅರ್ಜಿ ಬರೆದರು. ಏಳೂ ವಾಪಸ್ ಬಂದವು.

"ಯಾವತ್ತಾದ್ರೂ ಒಬ್ಬ ಅಧಿಕಾರಿ ಸುತ್ತಿಗೆ ಹಿಡ್ಕೊಂಡು ಅಲ್ಲಿಗೆ ಹೋದ್ರೆ ಮುಗೀತು," ಅವಳ ದನಿ ಸಣ್ಣಗಾಯಿತು. "ಅಪ್ಪ ಎರಡನೇ ಸಲ ಸತ್ತ ಹಾಗೆ ನಂಗೆ."

ಆ ಸೀಮೆಯಲ್ಲಿ ಕೊಡಲಿಗಿಂತ ಜನ ಹೆದರುವುದು ಆ ಸುತ್ತಿಗೆಗೆ. ಪ್ರತಿ ಅಧಿಕಾರಿಗೂ ನಂಬರು ಕೆತ್ತಿದ ಒಂದು ಉಕ್ಕಿನ ಸುತ್ತಿಗೆ ಇರುತ್ತದೆ. ತೊಗಟೆಯನ್ನು ಅಂಗೈಯಗಲ ಕೆತ್ತಿ ಒಂದೇಟು ಹೊಡೆದರೆ ಮರದ ಮೈಯಲ್ಲಿ ಮುದ್ರೆ ಮೂಡುತ್ತದೆ. ಮುದ್ರೆ ಬಿದ್ದಿತೆಂದರೆ ಆ ಮರದ ದಿನ ಮುಗಿಯಿತೆಂದೇ ಎಲ್ಲರೂ ಓದಿಕೊಳ್ಳುತ್ತಾರೆ.

ಅಕಿಮ್ ಮಂಡಿಯ ಮಣ್ಣು ಕೊಡವಿ ಎದ್ದ. ಹೊಳೆಯ ಆಚೆಗೆ ಬಹಳ ಹೊತ್ತು ನೋಡುತ್ತ ನಿಂತ.

ಅಷ್ಟರಲ್ಲಿ ಅವನ ಊಟ ಸ್ಮರಾಂಡಾಳ ಮನೆಯಲ್ಲೇ ಆಗತೊಡಗಿತ್ತು. ಚಾರಣಕ್ಕೆ ಬಂದವರಿಗೆ ಅಡುಗೆ ಮಾಡಿ ಹಾಕುವ ಅವಳ ಅಮ್ಮ ಸವೇತಾ, ಇವನಿಗೆ ಮಾತ್ರ ಹುರುಳಿಕಾಯಿಯ ಒಣಬೀಜದ ಬಿಸಿ ಸಾರು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಮೇಲೆ ಕುರಿಹಾಲಿನ ಚೀಸ್ ಎರಡೆರಡು ಸಲ ಬಡಿಸುತ್ತಿದ್ದಳು.

"ತಿನ್ನು ಮಗನೇ. ನಿಮ್ಮ ಬಯಲುಸೀಮೇಲಿ ಗಾಳಿ ತಿಂದು ಬೆಳೆದಿದ್ದೀಯೇನೋ, ಎಲುಬು ಎಣಿಸಬಹುದು!"

"ನಂಗೆ ಒಂದು ಸಲಾನೂ ಹೀಗೆ ಬಡಿಸಿಲ್ಲ ನೀನು," ಸ್ಮರಾಂಡಾ ಮೂತಿ ತಿರುವಿದಳು.

"ನೀನು ಕೇಳದೇ ಬಳ್ಕೊಂಡು ತಿಂತೀಯಲ್ಲೇ!"

ಮೂವರೂ ನಕ್ಕರು. ನಗುತ್ತಲೇ ಅಕಿಮನ ನೋಟ ಅವಳ ಮೇಲೆ ನಿಂತಿತು. ಅವಳು ಸೌಟು ಹುಡುಕುವ ನೆಪದಲ್ಲಿ ಎದ್ದು ಹೋದಳು. ಸೌಟು ಅವಳ ಕೈಯಲ್ಲೇ ಇತ್ತು!

ನವೆಂಬರಿನಲ್ಲಿ ಅವನು ದಿನಗಟ್ಟಲೆ ಕಾಣೆಯಾಗತೊಡಗಿದ. ಎಲ್ಲಿಗೆಂದು ಕೇಳಿದರೆ "ಕಚೇರಿ ಕೆಲಸ" ಎನ್ನುತ್ತಿದ್ದ. ಮೊದಲ ಹಿಮ ಬೀಳುವ ಹಿಂದಿನ ದಿನ ಬಾಗಿಲಿಗೆ ಬಂದು, ಒಳಗೂ ಬಾರದೆ ನಿಂತ.

"ಸ್ಮರಾಂಡಾ, ವಸಂತ ಬರ್ಲಿ. ನಿನಗೊಂದು ಮಾತು ಹೇಳ್ಬೇಕು."

"ಈಗ್ಲೇ ಹೇಳು."

"ಈಗ ಆಗಲ್ಲ."

ಅವನು ಹೋದ ದಾರಿಯನ್ನೇ ಅವಳು ನೋಡಿದಳು. 'ಆ ಮಾತೇ ಇರಬೇಕು... ಇನ್ನೇನಿರತ್ತೆ!' ಆ ಚಳಿಗಾಲ ಅವಳಿಗೆ ಚಳಿಯೇ ಆಗಲಿಲ್ಲ.

ಫೆಬ್ರವರಿಯವರೆಗೆ.

ಅಂದು ಅಗಲವಾದ ಹಿಮಚಪ್ಪಲಿ ಕಟ್ಟಿಕೊಂಡು ದಾರಿ ನೋಡಿ ಬರಲು ಹೊರಟವಳು, ಹೊಳೆ ಹೆಪ್ಪುಗಟ್ಟಿದ್ದರಿಂದ ಕರಡಿಬುಗ್ಗೆಗೂ ದಾಟಿದಳು. ಬೆಳ್ಳಗೆ, ಸದ್ದಿಲ್ಲದೆ ಮಲಗಿತ್ತು ಕಾಡು. ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಕಣ್ಣಿಗೆ ಬಿತ್ತು.

ದೊಡ್ಡ ಬೀಚ್ ಮರದ ಬುಡದಲ್ಲಿ, ಹಿಮದಿಂದ ಒಂದು ಗೇಣು ಮೇಲೆ, ಕೆತ್ತಿದ ತೊಗಟೆ. ಅದರ ನಡುವೆ ಸುತ್ತಿಗೆಯ ಮುದ್ರೆ.

ಪಕ್ಕದ ಮರಕ್ಕೂ ಇತ್ತು. ಅದರಾಚೆಯದಕ್ಕೂ. ಇಪ್ಪತ್ತರವರೆಗೆ ಎಣಿಸಿ ಅವಳು ಹಿಮದ ಮೇಲೆ ಕುಸಿದು ಕೂತಳು. ಕಡಿಯಬೇಕಾದ ಮರಕ್ಕೆ ಬುಡದಲ್ಲೇ ಮುದ್ರೆ ಹೊಡೆಯುತ್ತಾರೆ. ಕಡಿದ ಮೇಲೂ ಮೋಟಿನಲ್ಲಿ ಗುರುತು ಉಳಿಯಲಿ ಎಂದು. ದಮಸ್ಕಿನನ ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

'ನವೆಂಬರಿನ ಕಚೇರಿ ಕೆಲಸ ಇದೇನಾ? ನಮ್ಮ ಮನೆ ಊಟ ಉಂಡು... ನನ್ನ ಬಾಯಿಂದಲೇ ಎಲ್ಲಾ ಕೇಳಿ...'

ಅರಣ್ಯಾಧಿಕಾರಿಯ ಮನೆಯ ಬಾಗಿಲನ್ನು ಅವಳು ತಟ್ಟಲಿಲ್ಲ, ತಳ್ಳಿದಳು. ಒಲೆಯ ಮುಂದೆ ಇಬ್ಬರು ಕಾವಲುಗಾರರ ಜೊತೆ ಕೂತಿದ್ದ ಅಕಿಮ್ ಎದ್ದು ನಿಂತ.

"ಸ್ಮರಾಂಡಾ? ಏನಾಯ್ತು?"

"ಕರಡಿಬುಗ್ಗೆಗೆ ಸುತ್ತಿಗೆ ಹೊಡೆದದ್ದು ನೀವಾ?"

'ನೀವು' ಎಂಬ ಮಾತು ಅವನ ಮುಖಕ್ಕೆ ಹೊಡೆದಂತಾಯಿತು. "ಹೌದು, ನಾನೇ. ಆದ್ರೆ..."

"ನಮ್ಮಪ್ಪ ಇಪ್ಪತ್ತೆರಡು ವರ್ಷ ಆ ಸುತ್ತಿಗೆ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡಿದ್ರು. ಅಲ್ಲಿನ ಒಂದು ಮರಕ್ಕೂ ಮುಟ್ಟಿಸ್ಲಿಲ್ಲ! ನೀವು ಆರು ತಿಂಗಳಲ್ಲಿ ಮುಗಿಸಿಬಿಟ್ರಿ. ಮರ ತಬ್ಕೊಂಡು ಅತ್ತದ್ದು ನಾಟಕ. ನಮ್ಮಮ್ಮನ ಕೈ ಊಟಾನೂ ನಾಟಕ. ನಿಮ್ಮಂಥ ಕಪಟಿನ ನಾನು ನೋಡೇ ಇಲ್ಲ!"

ಕಾವಲುಗಾರರು ತಲೆ ತಗ್ಗಿಸಿದರು. ಅಕಿಮ್ ಒಂದು ಹೆಜ್ಜೆ ಮುಂದೆ ಬಂದ.

"ನಾನು ಅಂಥವನು ಅಂತ ನಿನಗನ್ನಿಸ್ತಾ?" ಬಹಳ ಮೆಲ್ಲಗೆ ಕೇಳಿದ. "ನೀನು ದಮಸ್ಕಿನ್ ಅವರ ಮಗಳು. ಇನ್ನೊಂದು ಸಲ ಹೋಗಿ ಸರಿಯಾಗಿ ನೋಡಿ ಬಾ. ಆಮೇಲೆ ಬೈಯಿ."

"ಹೆಣದ ಮುಖ ಎರಡೆರಡು ಸಲ ನೋಡೋ ಅಭ್ಯಾಸ ನನಗಿಲ್ಲ!"

ಬಾಗಿಲು ಧಡಾರನೆ ಮುಚ್ಚಿತು.

ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿತ್ತು. ಆದರೆ ನಾಲ್ಕು ಜನರ ಎದುರು ಕಪಟಿ ಅನ್ನಿಸಿಕೊಂಡ ಗಂಡಸಿನ ಗಂಟಲಿನಿಂದ ಮಾತು ಸುಲಭವಾಗಿ ಹೊರಡುವುದಿಲ್ಲ. ಇತ್ತ ಅವಳ ಹಟವೂ ಕಡಿಮೆಯದಲ್ಲ. ಎರಡು ತಿಂಗಳು ಇಬ್ಬರೂ ಎದುರುಬದುರಾದರೂ ರಸ್ತೆಯ ಆ ಬದಿ ಒಬ್ಬರು, ಈ ಬದಿ ಒಬ್ಬರು.

"ಅವನು ಹೇಳಿದ ಹಾಗೆ ಒಂದ್ಸಲ ಹೋಗಿ ನೋಡ್ಬಾರ್ದೇನೇ?" ಸವೇತಾ ದಿನಕ್ಕೊಮ್ಮೆ ಗೊಣಗುತ್ತಿದ್ದಳು.

"ಆಗಲ್ಲಮ್ಮ. ನನ್ನಿಂದ ನೋಡೋಕಾಗಲ್ಲ."

ಅದು ನಿಜವೇ ಆಗಿತ್ತು. ಸಿಟ್ಟಿಗಿಂತ ಸಂಕಟ ದೊಡ್ಡದಾಗಿತ್ತು. ಕರಡಿಬುಗ್ಗೆಯ ಹೆಸರೆತ್ತಿದರೆ ಮರಗಳೂ ನೆನಪಾಗುತ್ತಿದ್ದವು, ಅವನೂ ನೆನಪಾಗುತ್ತಿದ್ದ. ಯಾವುದಕ್ಕಾಗಿ ಅಳುತ್ತಿದ್ದೇನೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಈಸ್ಟರ್ ಬಂತು. ಹಬ್ಬದ ಎರಡನೆಯ ದಿನ ಸೋಮವಾರ ಬೆಳಿಗ್ಗೆ, ತಿಮಿಶ್ವಾರಾ ನಗರದಿಂದ ಬಂದಿದ್ದ ವೆತುರಿಯಾ ಎಂಬ ನಿವೃತ್ತ ಶಿಕ್ಷಕಿಯನ್ನೂ ಅವರ ಗಂಡನನ್ನೂ ಕಾಡಿಗೆ ಕರೆದೊಯ್ಯಬೇಕಿತ್ತು. ಸವೇತಾ ಬುತ್ತಿಗೆ ಬ್ರೆಡ್ಡು, ಕುರಿ ಮಾಂಸದ ತುಂಡು, ಕಾಡು ಬೆಳ್ಳುಳ್ಳಿ ಸೊಪ್ಪು, ಕೆಂಪು ಬಣ್ಣ ಹಾಕಿದ ಬೇಯಿಸಿದ ಮೊಟ್ಟೆಗಳನ್ನು ಕಟ್ಟುತ್ತ, ಏನೋ ಮರೆತದ್ದು ನೆನಪಾದವಳಂತೆ ಅಂದಳು.

"ಅಕಿಮ್ ಇವತ್ತು ಊರು ಬಿಡ್ತಿದಾನೆ. ತಾನೇ ಬಯಲುಸೀಮೆಗೆ ವರ್ಗ ಕೇಳ್ಕೊಂಡನಂತೆ. ಮೂರು ಗಂಟೆ ಬಸ್ಸು."

"ಹೋಗ್ಲಿ," ಅಂದಳು ಸ್ಮರಾಂಡಾ. ಹಾಗಂದವಳು ಬಾಗಿಲ ಚೌಕಟ್ಟು ಹಿಡಿದು ಎಷ್ಟೋ ಹೊತ್ತು ನಿಂತಳು.

ಆ ದಿನದ ಕಾಡನ್ನು ನೋಡಬೇಕಿತ್ತು! ಹಿಮವೆಲ್ಲ ಕರಗಿ ನೂರು ಕಡೆ ನೀರು ಹರಿಯುತ್ತಿತ್ತು. ಬೀಚ್ ಮರಗಳು ಎಲೆ ಬಿಚ್ಚಿ ಎರಡು ದಿನವಾಗಿತ್ತಷ್ಟೆ. ಆ ಎಳೆ ಎಲೆಗಳ ಮೂಲಕ ಇಳಿದ ಬಿಸಿಲು ಹಸಿರಾಗಿಯೇ ನೆಲ ಮುಟ್ಟುತ್ತಿತ್ತು. ಮನುಷ್ಯರ ಮುಖವೂ ಕೈಯೂ ಹಸಿರು. ತಲೆಯೆತ್ತಿದರೆ ಇಪ್ಪತ್ತು ಮೀಟರು ಎತ್ತರದವರೆಗೂ ಕೊಂಬೆಯಿಲ್ಲದ ನೀಟಾದ ಕಾಂಡಗಳು, ಅವುಗಳ ಮೇಲೆ ಆಕಾಶವೇ ಕಾಣದಷ್ಟು ಚಿಗುರು.

ವೆತುರಿಯಾ ಮೇಡಂ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇಷ್ಟು ವಯಸ್ಸಾಯ್ತು, ಇಷ್ಟು ಹೊತ್ತು ನಾನು ಬಾಯಿ ಮುಚ್ಕೊಂಡಿದ್ದೇ ಇಲ್ಲ," ಅಂದರು.

"ಅದಕ್ಕೆ ನಾನೇ ಸಾಕ್ಷಿ," ಅಂದರು ಗಂಡ.

ಹೊಳೆಯ ದಂಡೆಯಲ್ಲಿ ಮೇಡಂ ಕೈ ತೋರಿಸಿದರು. "ಆಚೆಗೂ ಇದೇ ಕಾಡೇನಮ್ಮ? ಹೋಗಬಹುದಾ?"

ಸ್ಮರಾಂಡಾ ಹೊಳೆಯ ಅಂಚಿನಲ್ಲೇ ನಿಂತಳು. ಹೋಗಬಾರದೆಂದಿದ್ದಳು. ಆದರೆ ಮುಂದಿನ ವರ್ಷ ಯಾರಾದರೂ ಕೇಳಿದರೆ ತೋರಿಸಲು ಅಲ್ಲಿ ಏನಿರುತ್ತದೆ?

"ಬನ್ನಿ. ಇವತ್ತೇ ನೋಡ್ಕೊಂಡುಬಿಡಿ. ಇನ್ನು ಹೆಚ್ಚು ದಿನ ಇರಲ್ಲ ಇವು."

ಕಲ್ಲಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಿದರು. ಆ ದೊಡ್ಡ ಮರ ಮೊದಲೇ ಎದುರಾಯಿತು. ಕಡಿಯುವ ಗುರುತು ಎಂಥದ್ದೆಂದು ತೋರಿಸಲು ಅವಳು ಬುಡದತ್ತ ಬಗ್ಗಿದಳು.

ಬುಡದಲ್ಲಿ ಏನೂ ಇರಲಿಲ್ಲ.

ಹಸಿರು ಪಾಚಿ. ಹೋದ ವರ್ಷದ ತರಗೆಲೆ. ತೊಗಟೆಗೆ ಒಂದು ಗೀರೂ ಇಲ್ಲ.

ನಿಧಾನವಾಗಿ ತಲೆಯೆತ್ತಿದಳು. ಮುದ್ರೆ ಅಲ್ಲಿತ್ತು, ಅವಳ ಎದೆಯ ಮಟ್ಟದಲ್ಲಿ.

ಫೆಬ್ರವರಿಯಲ್ಲಿ ತಾನು ನಿಂತಿದ್ದು ನೆಲದ ಮೇಲಲ್ಲ, ಒಂದು ಮೀಟರಿಗೂ ಹೆಚ್ಚು ಹಿಮದ ಮೇಲೆ! ಬುಡವೆಲ್ಲ ಹೂತುಹೋಗಿತ್ತು. ಹುಟ್ಟಿದಾಗಿನಿಂದ ಹಿಮದಲ್ಲೇ ನಡೆದವಳು, ಸಿಟ್ಟಿನಲ್ಲಿ ಕಾಲಡಿ ಎಷ್ಟು ಹಿಮವಿದೆಯೆಂದು ಲೆಕ್ಕವೇ ಹಾಕಿರಲಿಲ್ಲ.

ಎದೆಮಟ್ಟದ ಮುದ್ರೆ ಕಡಿಯುವ ಮರಕ್ಕಲ್ಲ. ಗಡಿಯ ಮರಕ್ಕೆ!

ಅವಳು ಮುಂದಿನ ಮರಕ್ಕೆ ಓಡಿದಳು. ಅಲ್ಲೂ ಎದೆಮಟ್ಟ. ಅದರಾಚೆಗೂ ಹಾಗೇ. ಎಲ್ಲ ಮುದ್ರೆಗಳೂ ಒಳಗಿನ ಇಳಿಜಾರಿನತ್ತಲೇ ಮುಖ ಮಾಡಿದ್ದವು. ಇಡೀ ಕರಡಿಬುಗ್ಗೆಯನ್ನು ಸುತ್ತುವರಿದು, ಇದು ಒಳಗಿನದು, ಇದನ್ನು ಮುಟ್ಟಬೇಡಿ ಎಂದು ಒಬ್ಬ ಮನುಷ್ಯ ನವೆಂಬರಿನ ಚಳಿಯಲ್ಲಿ ಮರದಿಂದ ಮರಕ್ಕೆ ಗೆರೆ ಎಳೆದುಕೊಂಡು ಹೋಗಿದ್ದ.

ಆ ಮನುಷ್ಯನನ್ನು ಅವಳು ಕಪಟಿ ಅಂದಿದ್ದಳು.

"ಏನಾಯ್ತು ಮಗಳೇ? ಮುಖ ಯಾಕೆ ಹೀಗಾಯ್ತು?"

"ಮೇಡಂ... ನಾನೊಬ್ಬಳು ಕತ್ತೆ! ಪೂರಾ ಕತ್ತೆ!" ಅಳುವೂ ನಗುವೂ ಒಟ್ಟಿಗೇ ಬಂದವು. "ನಂಗೆ ಮೂರು ಗಂಟೆ ಬಸ್ಸು ಹಿಡೀಬೇಕು. ಅಂದ್ರೆ ನಾನು ಹೋಗೋಕಲ್ಲ... ಒಬ್ಬರನ್ನ ನಿಲ್ಲಿಸೋಕೆ!"

ನಲವತ್ತು ವರ್ಷ ಮಕ್ಕಳ ಮುಖ ಓದಿದ್ದ ಶಿಕ್ಷಕಿಗೆ ಹೆಚ್ಚು ಹೇಳಬೇಕಾಗಲಿಲ್ಲ. "ಈಗ ಗಂಟೆ ಒಂದೂವರೆ. ರೀ, ಊಟ ಆಮೇಲೆ! ನಡೀರಿ!"

ಕರಡಿಗಳಿರುವ ಕಾಡಿನಲ್ಲಿ ಅತಿಥಿಗಳನ್ನು ಬಿಟ್ಟು ಓಡುವಂತಿಲ್ಲ. ಹಾಗಾಗಿ ಮೂವರೂ ಓಡಿದರು. ಎಪ್ಪತ್ತರ ಮೇಡಂ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ! ಕಾರು ಹತ್ತಿದ ಮೇಲೆ ಮಾತ್ರ ಅವರ ಗಂಡ ಹಬ್ಬದ ದಿನದ ನಿಧಾನದಲ್ಲೇ ಓಡಿಸಿದರು.

"ರೀ, ಆಮೆ ಕೂಡ ನಮ್ಮನ್ನ ದಾಟಿ ಹೋಯ್ತು!"

"ಗುಂಡಿ ಇದೆ ಕಣೇ ರಸ್ತೇಲಿ..."

ಸ್ಮರಾಂಡಾ ಹಿಂದಿನ ಸೀಟಿನಲ್ಲಿ ಬುತ್ತಿಚೀಲವನ್ನು ಎದೆಗೊತ್ತಿಕೊಂಡಿದ್ದಳು. 'ದೇವರೇ, ಬಸ್ಸು ತಡವಾಗಲಿ... ಹೋಗಿಬಿಟ್ಟರೆ ನಾನು ಏನು ಮಾಡಲಿ?'

ಬಸ್ಸು ಬಂದು ನಿಂತಿತ್ತು. ಅಕಿಮ್ ಸೂಟ್‌ಕೇಸ್ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ.

ಕಾರಿನಿಂದ ಹಾರಿ ಅವಳು ಅವನ ಎದುರು ಹೋಗಿ ನಿಂತಳು. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತುಗಳೆಲ್ಲ ಹಾರಿಹೋದವು. ಬಾಯಿಗೆ ಬಂದದ್ದು ಹಬ್ಬದ ವಾರದಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಒಂದೇ ಮಾತು.

"ಕ್ರಿಸ್ತ ಎದ್ದಿದ್ದಾನೆ..."

ಎಂಥ ಶತ್ರುವಾದರೂ ಆ ಮಾತಿಗೆ ಉತ್ತರ ಕೊಡಲೇಬೇಕು. ಕೊಡದೆ ಹೋಗುವವರು ಆ ಊರಿನಲ್ಲಿ ಇಲ್ಲ.

ಅಕಿಮ್ ಅವಳ ಕೆಸರು ಮೆತ್ತಿದ ಬೂಟನ್ನು ನೋಡಿದ. ಕೆದರಿದ ಕೂದಲನ್ನು ನೋಡಿದ.

"ನಿಜವಾಗಿಯೂ ಎದ್ದಿದ್ದಾನೆ," ಅಂದ. ಎರಡು ತಿಂಗಳಲ್ಲಿ ಅವಳಿಗೆ ಅವನಾಡಿದ ಮೊದಲ ಮಾತು.

"ಹೋಗಿ ನೋಡ್ದೆ," ಅವಳ ಕಣ್ಣೀರು ಕೆನ್ನೆಗಿಳಿಯಿತು. "ಹಿಮ ಕರಗಿದೆ. ಮುದ್ರೆ ಎದೆಮಟ್ಟದಲ್ಲಿದೆ. ನನ್ನ ಬಾಯಿ ಕೆಟ್ಟದ್ದು ಅಕಿಮ್. ಎಲ್ಲರ ಮುಂದೆ ಏನೇನೋ ಅಂದುಬಿಟ್ಟೆ. ಯಾಕೆ ಮೊದ್ಲೇ ಹೇಳ್ಲಿಲ್ಲ ನಂಗೆ?"

"ನಿಮ್ಮಪ್ಪನ ಅರ್ಜಿ ಏಳು ಸಲ ವಾಪಸ್ ಬಂದಿತ್ತು. ಎಂಟನೇದೂ ಬಂದ್ರೆ ನಿನ್ನ ಮುಖ ಹೇಗೆ ನೋಡ್ಲಿ ಅನ್ನಿಸ್ತು. ಮಂಜೂರಾದ ದಿನವೇ ಹೇಳೋಣ ಅಂತಿದ್ದೆ." ಅವನು ನಿಟ್ಟುಸಿರಿಟ್ಟ. "ಆಮೇಲೆ ನೀನು ನಂಬಲಿಲ್ಲ. ನನಗೂ ಸಿಟ್ಟು ಬಂತು. ಬಾಯಿ ಬಿಡಬಾರದು ಅಂತ ಹಟ ಹಿಡಿದೆ. ತಪ್ಪು ನಂದೂ ಇದೆ."

"ಮಂಜೂರಾಯ್ತಾ?"

ಅವನು ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವಳ ಕೈಗಿಟ್ಟ. "ಗುರುವಾರ ಬಂತು. ಬಯಲಿಗೆ ಹೋದ್ಮೇಲೆ ಅಲ್ಲಿಂದ ನಿನಗೆ ಅಂಚೆಗೆ ಹಾಕೋಣ ಅಂತಿದ್ದೆ."

ಸರ್ಕಾರಿ ಮೊಹರಿನ ಕೆಳಗೆ ಕರಡಿಬುಗ್ಗೆಯ ಹೆಸರಿತ್ತು. ಸಂರಕ್ಷಿತ ಕಾಡಿಗೆ ಸೇರಿಸಲಾಗಿದೆ ಎಂದಿತ್ತು. ಪ್ರಸ್ತಾವನೆ ಸಲ್ಲಿಸಿದವರು ಎಂಬಲ್ಲಿ ಅಕಿಮನ ಹೆಸರಿರಲಿಲ್ಲ. ದಮಸ್ಕಿನ್ ಎಂದಿತ್ತು.

"ಎಲ್ಲಾ ಅವರೇ ಬರೆದಿಟ್ಟಿದ್ರು," ಅಂದ ಅಕಿಮ್. "ನಾನು ಗಡಿ ಗುರುತು ಮಾಡಿದೆ, ಅಷ್ಟೇ."

ಸ್ಮರಾಂಡಾಗೆ ಅಕ್ಷರಗಳು ಕಾಣಿಸದಾದವು. ಕಾಗದವನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಈ ಮನುಷ್ಯ ಅವಳ ಅಪ್ಪನನ್ನು ಕಂಡೇ ಇರಲಿಲ್ಲ. ಆದರೂ ಅವರ ಕೆಲಸ ಮುಗಿಸಿ, ಅವರ ಹೆಸರು ಉಳಿಸಿ, ಯಾರಿಗೂ ಹೇಳದೆ ಹೊರಟು ನಿಂತಿದ್ದ.

"ಹತ್ತೋದಾ, ಇಲ್ವಾ?" ಡ್ರೈವರ್ ಕೂಗಿದ. "ನಂಗೂ ಮನೇಲಿ ಹಬ್ಬ ಇದೆ ಮಾರಾಯ್ರೆ!"

"ಇಲ್ಲ! ಇವರು ಹತ್ತಲ್ಲ!" ಕಣ್ಣೊರೆಸಿಕೊಳ್ಳುತ್ತ ಸ್ಮರಾಂಡಾಳೇ ಉತ್ತರಿಸಿದಳು. ಆಮೇಲೆ ಅಕಿಮನತ್ತ ತಿರುಗಿ ಮೆಲ್ಲಗೆ ಕೇಳಿದಳು, "ಅಲ್ವಾ?"

"ವರ್ಗದ ಆದೇಶ ಕೈಯಲ್ಲಿದೆ, ಸ್ಮರಾಂಡಾ."

"ರದ್ದು ಮಾಡ್ಸು. ಅರ್ಜಿ ನಾನು ಬರೀತೀನಿ. ಏಳು ಸಲ ವಾಪಸ್ ಬಂದ್ರೂ ಬರೀತೀನಿ. ನಮ್ಮ ಮನೆತನಕ್ಕೆ ಅಭ್ಯಾಸ ಇದೆ." ಅವಳು ಅವನ ಕೋಟಿನ ತೋಳು ಹಿಡಿದಳು. "ನಂಗೆ ನೀನು ಬೇಕು. ಹೇಳೋಕೆ ಇಷ್ಟು ದಿನ ಬೇಕಾಯ್ತು... ಆದ್ರೂ ಹೇಳಿದೀನಿ, ನೋಡು."

ಅಕಿಮ್ ಮೆಟ್ಟಿಲಿಂದ ಕಾಲು ತೆಗೆದ. ಸೂಟ್‌ಕೇಸ್ ನೆಲಕ್ಕಿಟ್ಟ. ಬಸ್ಸು ಹೊರಟುಹೋಯಿತು. ಕಾರಿನೊಳಗಿಂದ ವೆತುರಿಯಾ ಮೇಡಂ ಮೂಗು ಸೀಟಿದ ಸದ್ದು ರಸ್ತೆಯ ಆಚೆಗೂ ಕೇಳಿಸಿತು.

"ನಾನು ವಸಂತದಲ್ಲಿ ಹೇಳ್ತೀನಿ ಅಂದಿದ್ದು ಕಾಡಿನ ವಿಷಯ ಒಂದೇ ಅಲ್ಲ," ಅಂದ. "ನಿನ್ನ ಬಿಟ್ಟು ಹೋದ್ರೆ ನಾನು ಆ ಬಯಲಲ್ಲಿ ಏನು ಮಾಡ್ತಿದ್ನೋ ನಂಗೇ ಗೊತ್ತಿರ್ಲಿಲ್ಲ."

ಅವಳು ಬುತ್ತಿಚೀಲದಿಂದ ಎರಡು ಕೆಂಪು ಮೊಟ್ಟೆ ತೆಗೆದು ಒಂದನ್ನು ಅವನಿಗೆ ಕೊಟ್ಟಳು. ಈ ಹಬ್ಬದಲ್ಲಿ ಮೊಟ್ಟೆಗೆ ಮೊಟ್ಟೆ ಕುಟ್ಟಿಕೊಂಡವರು ಪರಲೋಕದಲ್ಲೂ ಮತ್ತೆ ಸಿಗುತ್ತಾರೆ ಎಂದು ಅಲ್ಲಿನವರ ನಂಬಿಕೆ. ಅವಳ ಮೊಟ್ಟೆ ತಗಲಿದ ಕೂಡಲೇ ಅವನದು ಟಕ್ಕೆಂದು ಒಡೆಯಿತು.

"ಅಲ್ಲಿ ಸಿಗೋದು ಗ್ಯಾರಂಟಿ ಆಯ್ತು," ಅವನ ಕಣ್ಣು ನಗುತ್ತಿತ್ತು. "ಅಲ್ಲೀತನಕ?"

"ಅಲ್ಲೀತನಕ ನಮ್ಮನೇಲಿ ಊಟ."

"ಎಷ್ಟು ದಿನ?"

"ಅಲ್ಲೀತನಕ ಅಂದ್ನಲ್ಲ..." ಅವಳು ಅವನ ತೋಳಿಗೆ ಹಣೆಯಾನಿಸಿದಳು. "ಕಿವಿ ಕೇಳಲ್ವಾ ನಿಂಗೆ?"

"ಕೇಳತ್ತೆ," ಅಂದ ಅಕಿಮ್. "ಇನ್ನೊಂದ್ಸಲ ಹೇಳು."